ಮಾತು ಬಿಟ್ಟ ಕಪ್ಪು ಪೆಟ್ಟಿಗೆ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ದಿನ ಬ್ಯಾಡಗಿಯಲ್ಲಿ ನಾನು ಹಾರಾಡಿದ್ದನ್ನು ಕಣ್ಣಾರೆ ಕಂಡವರು ಇನ್ನೂ ಇದ್ದಾರೆ, ನಾನು ಮುಚ್ಚಿಟ್ಟರೂ ಅವರು ಬಿಡುವವರಲ್ಲ.

ರಾಣೆಬೆನ್ನೂರಿನಲ್ಲಿ ನನ್ನದು ವಾಹನಗಳ ಎಲೆಕ್ಟ್ರಿಕ್ ಕೆಲಸದ ಅಂಗಡಿ. ಕೆಲಸ ಕಲಿತದ್ದು ಹಾವೇರಿಯಲ್ಲಿ, ಒಬ್ಬ ಉಸ್ತಾದರ ಕೈಕೆಳಗೆ. ಅವರ ಹತ್ತಿರ ಇದ್ದ ಉಪಕರಣವೆಂದರೆ ಎರಡು ವೈರು ಬೆಸೆದ ಒಂದು ಹೆಡ್‌ಲೈಟ್ ಬಲ್ಬು, ಅಷ್ಟೇ. ಯಾವ ಗಾಡಿ ಬಂದರೂ "ಮೊದಲ ಬಲ್ಬ್ ಹಚ್ಚಿ ನೋಡು, ಆಮ್ಯಾಲೆ ಬಾಯಿ ಬಿಡು" ಎನ್ನುತ್ತಿದ್ದರು. ನಾನು ಹದಿನೈದು ವರ್ಷ ಹಾಗೆಯೇ ದುಡಿದೆ. ಡೈನಮೋ, ಎಂಜಿನ್ ತಿರುಗಿಸುವ ಸೆಲ್ಫು, ಹಾರ್ನು, ಇವುಗಳಲ್ಲಿ ನನಗೆ ಗೊತ್ತಿಲ್ಲದ್ದು ಇರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗುವಷ್ಟರಲ್ಲಿ ನಮ್ಮ ಕಡೆಯ ಡೀಸೆಲ್ ಗಾಡಿಗಳಿಗೂ ಕಂಪ್ಯೂಟರ್ ಬಂತು. ಬಾನೆಟ್ಟಿನೊಳಗೆ, ಬ್ಯಾಟರಿಯ ಪಕ್ಕದಲ್ಲಿ, ಊಟದ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ಎಷ್ಟು ಡೀಸೆಲ್ ಬಿಡಬೇಕು, ಯಾವಾಗ ಬಿಡಬೇಕು ಎಂದು ಎಂಜಿನ್ನಿಗೆ ಹೇಳುವುದು ಅದೇ. ಮೊದಮೊದಲು ಹೆದರಿದೆ, ಆಮೇಲೆ ಹಟ ಹುಟ್ಟಿತು. ಹುಬ್ಬಳ್ಳಿಗೆ ಹೋಗಿ ಬಂದು ಕಲಿತೆ, ಒಂದು ಸ್ಕ್ಯಾನರ್ ತಂದೆ. ಅದರ ವೈರನ್ನು ಡ್ಯಾಶ್‌ಬೋರ್ಡಿನ ಕೆಳಗೆ ಸಿಕ್ಕಿಸಿದರೆ ಸಾಕು, ಪೆಟ್ಟಿಗೆ ತನ್ನ ನೋವನ್ನೆಲ್ಲ ತಾನೇ ಹೇಳುತ್ತದೆ. ಆ ಪರದೆಯ ಮೇಲೆ ಮೊದಲ ಸಲ ಅಕ್ಷರಗಳು ಮೂಡಿದಾಗ ನಾನು ಅಂಗಡಿಯಲ್ಲಿ ಒಬ್ಬನೇ ಕುಣಿದಿದ್ದೇನೆ. ನಾಲ್ಕು ತಾಲೂಕಿನಲ್ಲಿ ಇಂಥದ್ದು ಇರುವುದು ನನ್ನೊಬ್ಬನ ಹತ್ತಿರ ಎಂಬ ಕೊಬ್ಬೂ ಬಂತು. ಉಸ್ತಾದರ ಬಲ್ಬು ಮೂಲೆ ಸೇರಿತು.

ಮೆಣಸಿನಕಾಯಿ ಸುಗ್ಗಿಯ ಒಂದು ಮುಂಜಾನೆ ಫೋನ್ ಬಂತು. ಮಾಡಿದವನು ಕರ್ಜಗಿಯ ಒಬ್ಬ ರೈತ. ಒಂದು ಪಿಕಪ್ ಗಾಡಿ ಇಟ್ಟುಕೊಂಡು ಸುತ್ತಲಿನ ಹಳ್ಳಿಗಳ ಮೆಣಸಿನಕಾಯಿ ಚೀಲಗಳನ್ನು ಬ್ಯಾಡಗಿ ಮಾರುಕಟ್ಟೆಗೆ ಹೊಡೆಯುತ್ತಿದ್ದ. ಎರಡು ವರ್ಷದ ಹಿಂದೆ ಆ ಗಾಡಿ ಹೊಸದಾಗಿ ಬಂದಾಗ ಅದಕ್ಕೆ ಹಾರ್ನು, ಹೆಚ್ಚಿನ ಲೈಟು ಹಾಕಿದವನು ನಾನೇ.

"ಮಿಸ್ತ್ರಿ, ಗಾಡಿ ಬ್ಯಾಡಗ್ಯಾಗ ನಿಂತೈತ್ರಿ. ಸೆಲ್ಫ್ ಹೊಡೀತೈತಿ, ಎಂಜಿನ್ ಚಾಲೂ ಆಗವಲ್ದು. ಸಂಜಿ ಐದಕ್ಕ ಗಾಡಿ ತಗೊಳ್ಳಾವ್ರು ಬರ್ತಾರ."

"ಮಾರಾಕತ್ತೀರೇನು?"

"ಅವ್ವ ಕೊಟ್ಟಬಿಡು ಅನ್ನಾಕತ್ತಾಳ್ರಿ. ಈ ಗಾಡಿ ನಮಗ ಆಗಿ ಬರಂಗಿಲ್ಲಂತ. ದೊಡ್ಡ ವರ್ಕ್‌ಶಾಪಿನ್ಯಾಗ ತೋರ್ಸಿದ್ವಿ, ಬ್ಯಾಟರಿ ಬದ್ಲಿ ಮಾಡಿದ್ರು, ಈಗ ಕಂಪ್ಯೂಟರ್ ಹೋಗೇತಿ ಅಂತಾರ. ನನಗ ಮನಸಿಲ್ರಿ ಕೊಡಾಕ. ನೀವ ಒಮ್ಮೆ ನೋಡ್ರಿ."

ಆ ಕೊನೆಯ ಮಾತು ನನ್ನನ್ನು ಎಬ್ಬಿಸಿತು. ದೊಡ್ಡ ವರ್ಕ್‌ಶಾಪಿನವರು ಕೈಬಿಟ್ಟಿದ್ದು ನನ್ನ ಕೈಗೆ ಬಂದಿದೆ! ಅಂಗಡಿಯ ಶಟರ್ ಎಳೆದು, ಸ್ಕ್ಯಾನರನ್ನು ಹೆಂಡತಿಯ ಹಳೇ ಶಾಲಿನಲ್ಲಿ ಸುತ್ತಿಕೊಂಡು ಸ್ಟೇಷನ್ನಿಗೆ ಓಡಿದೆ. ಪ್ಯಾಸೆಂಜರ್ ರೈಲಿನಲ್ಲಿ ಕೂರಲು ಜಾಗ ಸಿಕ್ಕಿದರೂ ಕೂರಲಾಗಲಿಲ್ಲ. ದೇವರಗುಡ್ಡದ ಸ್ಟೇಷನ್ ದಾಟುವವರೆಗೂ ಬಾಗಿಲಲ್ಲೇ ನಿಂತು, ಹೀಗಿದ್ದರೆ ಹೀಗೆ, ಹಾಗಿದ್ದರೆ ಹಾಗೆ ಎಂದು ಮನಸ್ಸಿನಲ್ಲೇ ಗಾಡಿಯನ್ನು ಬಿಚ್ಚಿ ಜೋಡಿಸುತ್ತಿದ್ದೆ.

ಬ್ಯಾಡಗಿಯಲ್ಲಿ ಇಳಿದ ಕೂಡಲೇ ಮೂರು ಸೀನು ಬಂದವು. ಸುಗ್ಗಿಯಲ್ಲಿ ಅಲ್ಲಿಗೆ ಹೋದವರಿಗೆಲ್ಲ ಅದೇ ಸ್ವಾಗತ. ಗಾಡಿ ಮಾರುಕಟ್ಟೆಯ ಆಚೆ, ಒಂದು ಕೋಲ್ಡ್ ಸ್ಟೋರೇಜಿನ ಗೋಡೆಯ ನೆರಳಿನಲ್ಲಿ ನಿಂತಿತ್ತು. ಚೀಲಗಳನ್ನು ಹಮಾಲರು ಆಗಲೇ ಇಳಿಸಿದ್ದರು. ಗಾಡಿಯ ಹಿಂದೆ "ತಾಯಿಯ ಆಶೀರ್ವಾದ" ಎಂದು ಆ ರೈತ ಹಳದಿ ಬಣ್ಣದಲ್ಲಿ ಬರೆಸಿದ್ದ. ಅದರ ಕೆಳಗೇ, ಖಾಲಿ ಚೀಲದ ಮೇಲೆ, ಆ ತಾಯಿ ಕೂತಿದ್ದಳು. ದಪ್ಪ ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ, ಮಡಿಲಲ್ಲಿ ಒಂದು ಕೈಚೀಲ. ತನ್ನ ಹೊಲದ ಮೆಣಸಿನಕಾಯಿಯನ್ನು ತಾನೇ ನಿಂತು ಮಾರಿಸುವ ಹೆಂಗಸು. ಮನೆಯಲ್ಲಿ ಅವಳ ಮಾತು ದಾಟುವವರಿರಲಿಲ್ಲ.

"ಬಾ ತಮ್ಮಾ, ಕುಂದ್ರು," ಅಂದಳು. "ಸುಮ್ಮನ ತ್ರಾಸ ತಗೊಂಡಿ. ಇದು ನಮ್ಮ ಮನಿಗೆ ಆಗಿ ಬರೂ ಗಾಡಿ ಅಲ್ಲ. ಎಷ್ಟ ಮಾಡಿದ್ರೂ ಮುನಿಸಿಕೋತೈತಿ."

"ಗಾಡಿ ಮುನಿಸ್ಕೊಳ್ಳಂಗಿಲ್ರಿ ಅವ್ವಾರ," ಎಂದು ಬಾನೆಟ್ ಎತ್ತಿದೆ.

ಮಗ ಚಾವಿ ತಿರುಗಿಸಿ ತೋರಿಸಿದ. ಸೆಲ್ಫ್ ಜೋರಾಗಿ ಹೊಡೆಯಿತು, ಎಂಜಿನ್ ಉಸಿರೆತ್ತಲಿಲ್ಲ. "ನೋಡ್ರಿ, ಎಂಜಿನ್ ಲೈಟ್ ಸೈತ ಹತ್ತವಲ್ದು. ಅಂದ್ರ ಏನೂ ಕೆಟ್ಟಿಲ್ಲ ಅಂತ ಅಲ್ಲೇನ್ರಿ?"

ಅವನಿಗೆ ಅದು ಸಮಾಧಾನ, ನನಗೆ ಅದೇ ಮೊದಲ ಸುಳಿವು. ಚಾವಿ ತಿರುಗಿಸಿದ ಕ್ಷಣ ಆ ದೀಪ ಹತ್ತಲೇಬೇಕು. ಪೆಟ್ಟಿಗೆ ಎಚ್ಚರವಾಯಿತು ಎಂಬುದಕ್ಕೆ ಅದೇ ಗುರುತು. ಹತ್ತಲಿಲ್ಲವೆಂದರೆ ಒಳಗಿರುವವನು ಎದ್ದೇ ಇಲ್ಲ. ನಾನು ಸ್ಕ್ಯಾನರನ್ನು ಶಾಲಿನಿಂದ ಬಿಚ್ಚಿದೆ. ನಾಲ್ಕಾರು ಹಮಾಲರು ಸುತ್ತ ನೆರೆದರು. ಸ್ವಲ್ಪ ದೊಡ್ಡಸ್ತಿಕೆಯಿಂದಲೇ ವೈರು ಸಿಕ್ಕಿಸಿ, "ಈಗ ನೋಡ್ರಿ, ಅದ ಬಾಯಿ ಬಿಡತೈತಿ" ಎಂದೆ.

ಪರದೆ ಬೆಳಗಿತು. ಗೆರೆಯೊಂದು ಓಡಿತು, ಓಡಿತು, ನಿಂತಿತು. ಸಂಪರ್ಕ ಸಿಗುತ್ತಿಲ್ಲ ಎಂಬ ಸಾಲು ಬಂತು. ಮತ್ತೆ ಮಾಡಿದೆ. ಮತ್ತೆ ಅದೇ ಸಾಲು. ಮೂರನೇ ಸಲ ಮಾಡುವಷ್ಟರಲ್ಲಿ ಒಬ್ಬ ಹಮಾಲ ಟವೆಲ್ಲು ಕೊಡವಿ ಎದ್ದು ಹೋದ.

ಇಲ್ಲಿಯೇ ಬಹಳ ಜನ ಮಿಸ್ತ್ರಿಗಳು ಪೆಟ್ಟಿಗೆ ಸತ್ತಿದೆ ಎಂದು ಕೈ ತೊಳೆದುಕೊಳ್ಳುತ್ತಾರೆ. ನನ್ನ ನಾಲಿಗೆಯ ತುದಿಗೂ ಆ ಮಾತು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಮಾತಾಡದವರೆಲ್ಲ ಸತ್ತಿರುವುದಿಲ್ಲವಲ್ಲ. ಮಾತು ಬರದಿರಲು ಎರಡೇ ಕಾರಣ: ಒಂದೋ ಮಾತು ಹೊತ್ತು ತರುವ ವೈರುಗಳು ಕೆಟ್ಟಿರಬೇಕು, ಇಲ್ಲವೇ ಪೆಟ್ಟಿಗೆಗೆ ಅನ್ನ ಸಿಗದಿರಬೇಕು, ಅಂದರೆ ಕರೆಂಟು.

ಮೊದಲು ವೈರು. ಪೆಟ್ಟಿಗೆಯಿಂದ ಡ್ಯಾಶ್‌ಬೋರ್ಡಿಗೆ ಎರಡು ವೈರುಗಳು ಜಡೆಯಂತೆ ಹೆಣೆದುಕೊಂಡು ಬರುತ್ತವೆ. ಎರಡು ತುದಿಗೂ ಒಂದೊಂದು ನೂರಿಪ್ಪತ್ತು ಓಮಿನ ತಡೆ ಕೂತಿರುತ್ತದೆ. ಬ್ಯಾಟರಿ ಬಿಚ್ಚಿ ಮೀಟರ್ ಹಿಡಿದರೆ, ಕರೆಂಟಿಗೆ ಎರಡು ದಾರಿಯಾಗುವುದರಿಂದ ತಡೆ ಅರ್ಧವಾಗಿ ಅರವತ್ತು ತೋರಿಸಬೇಕು. ನೂರಿಪ್ಪತ್ತು ಬಂದರೆ ಎಲ್ಲೋ ಕಡಿದಿದೆ, ಸೊನ್ನೆಗೆ ಇಳಿದರೆ ಎಲ್ಲೋ ಒಂದಕ್ಕೊಂದು ತಾಗಿವೆ. ಮೀಟರ್ ಇಟ್ಟೆ. ಅರವತ್ತು. ಸರಿಯಾಗಿ ಅರವತ್ತು! ಹೋಗಲಿಕ್ಕೆ ದಾರಿ ಇದೆ, ಹೋಗುವವನೇ ಎದ್ದಿಲ್ಲ. ನನಗೆ ಖುಷಿ ತಡೆಯಲಾಗದೆ ಪಕ್ಕದಲ್ಲಿದ್ದ ಹಮಾಲನ ಬೆನ್ನಿಗೆ ಬಾರಿಸಿದೆ. ಅವನಿಗೆ ಏನೂ ಅರ್ಥವಾಗಲಿಲ್ಲ, ಆದರೂ ನಕ್ಕ.

ಬ್ಯಾಟರಿ ಮತ್ತೆ ಜೋಡಿಸಿ ಕರೆಂಟು ನೋಡಿದೆ. ಮೀಟರಿನ ಕರಿ ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ ಕಚ್ಚಿಸಿ, ಕೆಂಪನ್ನು ಪೆಟ್ಟಿಗೆಗೆ ಹೋಗುವ ವೈರಿಗೆ ಇಟ್ಟೆ. ಹನ್ನೆರಡೂವರೆ ವೋಲ್ಟ್. ಚಾವಿ ಹಾಕಿಸಿ ಇನ್ನೊಂದು ವೈರು ನೋಡಿದೆ, ಅಲ್ಲೂ ಅಷ್ಟೇ. ಫ್ಯೂಸು ಸರಿ, ರಿಲೇ ಸರಿ. ದಾರಿಯೂ ಇದೆ, ಅನ್ನವೂ ಇದೆ, ಏಳುವವನು ಮಾತ್ರ ಏಳುತ್ತಿಲ್ಲ. ಹಾಗಾದರೆ ಅವರು ಹೇಳಿದಂತೆ ಪೆಟ್ಟಿಗೆಯೇ ಸತ್ತಿದೆಯೇ?

ಗಂಟೆ ಎರಡೂವರೆಯಾಗಿತ್ತು. ತಲೆ ಕೆಟ್ಟಿತು. ಮೆಣಸಿನ ಘಾಟಿಗೆ ಕಣ್ಣು ಉರಿಯುತ್ತಿತ್ತು, ಉರಿಯುವ ಕಣ್ಣನ್ನು ಅದೇ ಕೈಯಿಂದ ಒರೆಸಿಕೊಂಡು ಇನ್ನಷ್ಟು ಉರಿಸಿಕೊಂಡೆ. ಕೈಯಲ್ಲಿದ್ದ ಬೋಲ್ಟು ಬಿಚ್ಚುವ ಪಾನಾ ಎತ್ತಿ ನೆಲಕ್ಕೆ ಒಗೆದೆ. ಅದು ಪುಟಿದು ನನ್ನ ಹೆಬ್ಬೆರಳಿಗೇ ಬಡಿಯಿತು. ಮಗನ ಮುಖ ಸಣ್ಣದಾಯಿತು. ಅವನು ಗಾಡಿಯ ಬಾಗಿಲಿನ ಧೂಳನ್ನು ಅಂಗೈಯಿಂದ ಒರೆಸತೊಡಗಿದ, ಬೀಳ್ಕೊಡುವವನ ಹಾಗೆ.

ತಾಯಿ ಎದ್ದು ಹೋಗಿ ಚಹಾ ತರಿಸಿದಳು. "ಕುಡಿ ತಮ್ಮಾ. ಬೆರಳಿಗೇನರ ಆತೇನು?"

ಚಹಾ ಕುಡಿಯುತ್ತಾ, ಬೇರೇನೂ ತೋಚದೆ ಕೇಳಿದೆ. "ಅವ್ವಾರ, ಇದು ಯಾವ್ಯಾವಾಗ ನಿಂತ್ತು, ನೆನಪೈತೇನ್ರಿ?"

ಮಗ ತಲೆ ಕೆರೆದುಕೊಂಡ. ತಾಯಿ ಮಾತ್ರ ಬೆರಳು ಮಡಚುತ್ತಾ ಹೇಳುತ್ತಲೇ ಹೋದಳು. "ದೀಪಾವಳಿ ಅಮಾಸಿ ಆದ ಎರಡ ದಿನಕ್ಕ ಕರ್ಜಗಿ ಕ್ರಾಸಿನ್ಯಾಗ ನಿಂತ್ತು. ಒಂದ ತಾಸಿಗೆ ತಾನ ಚಾಲೂ ಆತು. ಛಟ್ಟಿ ಅಮಾಸಿ ಆದ ಮರುದಿನ ಹಾವೇರ್‍ಯಾಗ. ಎಳ್ಳಮಾಸಿ ಮುಗದ ಮ್ಯಾಲೆ ಮನೀ ಮುಂದನ. ಅವರಾತ್ರಿ ಅಮಾಸೀದಂತೂ ಮೂರ ದಿನ ಏಳಲಿಲ್ಲ. ಈಗ ಶಿವರಾತ್ರಿ ಅಮಾಸಿ ಮೊನ್ನೆ ಆತು, ಇವತ್ತ ಇಲ್ಲಿ."

ಚಹಾದ ಕಪ್ಪು ಕೈಯಲ್ಲೇ ನಿಂತಿತು. ಒಂದೂ ತಪ್ಪಿಲ್ಲ, ಎಲ್ಲವೂ ಅಮಾವಾಸ್ಯೆಯ ಬೆನ್ನಿಗೆ. ಮಗ ನೆನಪಿಟ್ಟುಕೊಳ್ಳದ ಲೆಕ್ಕವನ್ನು ಅವಳು ಇಟ್ಟುಕೊಂಡಿದ್ದಳು, ಅವಳಿಗೆ ಅದು ಅಪಶಕುನದ ಲೆಕ್ಕ. ಚಂದ್ರ ಕಾಣದಿದ್ದರೆ ಗಾಡಿಗೇನು? ಅಮಾವಾಸ್ಯೆಗೆ ಈ ಗಾಡಿಗೆ ಯಾರೋ ಏನೋ ಮಾಡುತ್ತಿದ್ದಾರೆ.

"ಅಮಾಸಿಗೆ ಏನ ಮಾಡ್ತೀರಿ ಇದಕ್ಕ?"

"ಎಲ್ಲಾರೂ ಮಾಡಿದಂಗ ಪೂಜಿ. ಮೊದಲ ಒಂದ ಕಾಯಿ ಒಡೀತಿದ್ವಿ. ನಿಲ್ಲಾಕ ಹತ್ತಿದ ಮ್ಯಾಲೆ ಎರಡು ಮಾಡಿದ್ವಿ, ಆಮ್ಯಾಲೆ ಮೂರು. ಮೊನ್ನೆ ಐದ ಒಡದೇವಿ."

ನಾನು ಚಹಾ ಕೆಳಗಿಟ್ಟು ಬಾನೆಟ್ಟಿಗೆ ಓಡಿದೆ. ಮುಂಜಾನೆಯಿಂದ ಕಣ್ಣ ಮುಂದೆಯೇ ಇತ್ತು. ಕಪ್ಪು ಪೆಟ್ಟಿಗೆಯ ಮೇಲೆ ಅರಿಸಿನ, ಕುಂಕುಮ, ವಿಭೂತಿ, ಒಣಗಿದ ಚೆಂಡುಹೂ. ನಮ್ಮ ಕಡೆ ಯಾವ ಗಾಡಿಯ ಬಾನೆಟ್ ಎತ್ತಿದರೂ ಕುಂಕುಮ ಇರುವುದೇ, ಹಾಗಾಗಿ ಕಣ್ಣು ಅದನ್ನು ನೋಡುವುದೇ ಇಲ್ಲ. ಪರ ಊರಿನ ಮಿಸ್ತ್ರಿ ಆಗಿದ್ದರೆ ಮೊದಲ ನೋಟಕ್ಕೇ ಇದೇನಿದು ಎನ್ನುತ್ತಿದ್ದ. ಈಗ ನೋಡಿದರೆ ಆ ಕೆಂಪು ಕೆಸರು ಪೆಟ್ಟಿಗೆಯ ಅಂಚಿನಿಂದ ಇಳಿದು, ವೈರುಗಳ ಗುಂಟ ಹರಿದು, ಕೆಳಗೆ ಎಲ್ಲೋ ಕತ್ತಲಲ್ಲಿ ಮಾಯವಾಗಿತ್ತು.

ಕೆಳಗೆ ಇದ್ದದ್ದು ಅರ್ಥಿಂಗ್. ಕರೆಂಟು ಪೆಟ್ಟಿಗೆಗೆ ಬಂದರೆ ಸಾಲದು, ಗಾಡಿಯ ಮೈಗೆ ವಾಪಸ್ಸು ಹೋಗಬೇಕು. ಅದಕ್ಕೊಂದು ಬೋಲ್ಟು. ನಾನು ಮೀಟರಿನ ಕರಿ ಕಡ್ಡಿಯನ್ನು ಬ್ಯಾಟರಿಗೇ ಕಚ್ಚಿಸಿಕೊಂಡು ಮೆರೆದಿದ್ದೆನಲ್ಲ, ಬರುವ ದಾರಿಯನ್ನಷ್ಟೇ ನೋಡಿದ್ದೆ, ಹೋಗುವ ದಾರಿಯನ್ನು ನೋಡಿರಲೇ ಇಲ್ಲ. ಉಸ್ತಾದರ ದನಿ ಕಿವಿಯಲ್ಲಿ ಗುಂಯ್‌ಗುಟ್ಟಿತು. ಮೊದಲ ಬಲ್ಬ್ ಹಚ್ಚಿ ನೋಡು.

ಬಲ್ಬು ರಾಣೆಬೆನ್ನೂರಿನ ಮೂಲೆಯಲ್ಲಿತ್ತು. ಆ ಗಾಡಿಯದೇ ಒಂದು ಹೆಡ್‌ಲೈಟ್ ಬಲ್ಬು ಕಿತ್ತು, ಎರಡು ತುಂಡು ವೈರು ಸುತ್ತಿದೆ. ಬ್ಯಾಟರಿ ಬಿಚ್ಚಿ, ಪೆಟ್ಟಿಗೆಯ ಜೋಡಣೆ ಕಳಚಿ, ಬ್ಯಾಟರಿ ಮತ್ತೆ ಜೋಡಿಸಿದೆ. ಬಲ್ಬಿನ ಒಂದು ವೈರು ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಪೆಟ್ಟಿಗೆಯ ಅರ್ಥಿಂಗ್ ವೈರಿನ ತುದಿಗೆ. ಮೀಟರು ಹನಿ ತೊಟ್ಟಿಕ್ಕಿದರೂ ನಲ್ಲಿ ಚೆನ್ನಾಗಿದೆ ಎನ್ನುತ್ತದೆ, ಬಲ್ಬು ಹಾಗಲ್ಲ, ಕೊಡ ತುಂಬಿಸು ಎನ್ನುತ್ತದೆ. ಹಮಾಲರೆಲ್ಲ ಮತ್ತೆ ಬಂದು ಬಗ್ಗಿ ನೋಡುತ್ತಿದ್ದರು. ಫಳ್ ಎಂದು ಉರಿಯಬೇಕಾದ ಬಲ್ಬಿನೊಳಗೆ ಬೀಡಿಯ ಕೆಂಡದಷ್ಟು ಕೆಂಪು ಎಳೆ ಮೂಡಿ, ನಡುಗಿತು.

"ಸಿಕ್ತು!" ನಾನು ಕೂಗಿದ ಕೂಗಿಗೆ ಗೋಡೆಯ ಮೇಲಿನ ಪಾರಿವಾಳಗಳು ಹಾರಿದವು.

ಬೋಲ್ಟು ಬಿಚ್ಚಿದೆ. ಹೊರಗಿನಿಂದ ಕುಂಕುಮದ ಹೆಪ್ಪು, ಒಳಗೆ ಹಸಿರು ಕಿಲುಬು. ತೆಂಗಿನಕಾಯಿಯ ನೀರು ತಿಂಗಳು ತಿಂಗಳೂ ಇಳಿದು, ಒಣಗಿ, ಮತ್ತೆ ಇಳಿದು, ತಾಮ್ರವನ್ನು ತಿಂದಿತ್ತು. ಗಾಡಿ ನಿಂತಿತೆಂದು ಪೂಜೆ ಹೆಚ್ಚಿಸಿದರು, ಪೂಜೆ ಹೆಚ್ಚಿದ್ದಕ್ಕೆ ಗಾಡಿ ಮತ್ತೂ ನಿಂತಿತು. ವರ್ಕ್‌ಶಾಪಿನವರು ಬ್ಯಾಟರಿ ಬದಲಿಸಿದರೇ ಹೊರತು ಇಲ್ಲಿಗೆ ಕೈ ಹಾಕಿರಲಿಲ್ಲ.

ಖುಷಿ ಎಷ್ಟಿತ್ತೋ ಸಿಟ್ಟೂ ಅಷ್ಟೇ ನೆತ್ತಿಗೇರಿತು. ಬೋಲ್ಟನ್ನು ಮಗನ ಮೂಗಿನ ಮುಂದೆ ಹಿಡಿದು ಹಾರಾಡಿದೆ. "ಯಾವ ಶಾಣ್ಯಾ ಹೇಳಿದ್ದು ನಿಮಗ ಇದರ ಮ್ಯಾಲೆ ಕಾಯಿ ನೀರು ಹಾಕಂತ? ಗಾಲಿಗೆ ಮಾಡ್ರಿ, ಸ್ಟೇರಿಂಗಿಗೆ ಮಾಡ್ರಿ. ಹೋಗಿ ಹೋಗಿ ಕಂಪ್ಯೂಟರಿಗೆ ಅಭಿಷೇಕ ಮಾಡಾವ್ರನ್ನ ಎಲ್ಲ್ಯರ ನೋಡೀರೇನು? ಬುದ್ಧಿ ಬ್ಯಾಡೇನು ಅಂವಗ?"

ಮಗ ತಲೆ ತಗ್ಗಿಸಿದ. ಹಮಾಲರು ನಗುತ್ತಿದ್ದರು. ತಾಯಿ ಮಾತ್ರ ನನ್ನನ್ನೇ ನೋಡುತ್ತಿದ್ದಳು. ದನಿ ಏರಿಸದೆ ಹೇಳಿದಳು.

"ನೀನ ಅಲ್ಲೇನಪಾ ಮೊದಲ ಹಾಕಿದಾಂವ?"

ಅಷ್ಟೇ. ಬೋಲ್ಟನ್ನು ಮಗನ ಮೂಗಿನ ಮುಂದಿನಿಂದ ಕೆಳಗಿಳಿಸಿದೆ.

ಹೊಸ ಗಾಡಿಗೆ ಮೊದಲ ಕೆಲಸ ಮಾಡಿದ ಮಿಸ್ತ್ರಿಯ ಕೈಯಿಂದಲೇ ಕಾಯಿ ಒಡೆಸುವುದು ನಮ್ಮ ಕಡೆಯ ಪದ್ಧತಿ. ಎರಡು ವರ್ಷದ ಹಿಂದೆ ನನ್ನ ಅಂಗಡಿಯ ಮುಂದೆ ಈ ಗಾಡಿ ನಿಂತಿತ್ತು. ಆಗಷ್ಟೇ ಸ್ಕ್ಯಾನರ್ ಬಂದಿದ್ದ ಕಾಲ, ಕಾಲು ನೆಲದ ಮೇಲಿರಲಿಲ್ಲ. ಹಾರ್ನು ಜೋಡಿಸಿ ಮುಗಿಸಿದ ಮೇಲೆ ಬಾನೆಟ್ ಎತ್ತಿ, ಎಂಜಿನ್ ಏನೂ ಅಲ್ಲ, ಇದರ ಜೀವ ಇರುವುದು ಇಲ್ಲಿ ಎಂದು ಕಪ್ಪು ಪೆಟ್ಟಿಗೆಯನ್ನು ತೋರಿಸಿದ್ದೆ. ನಾಲ್ಕು ಜನ ನೋಡುತ್ತಿದ್ದಾರೆಂದು ಅದಕ್ಕೆ ಕುಂಕುಮ ಹಚ್ಚಿ, ಒಡೆದ ಹೋಳಿನಲ್ಲಿದ್ದ ನೀರನ್ನು ಅದರ ಮೇಲೆ ಸುರಿದು ಕೈ ಮುಗಿದಿದ್ದೆ. ಸುರಿದದ್ದು ನಾನು. ಮಿಸ್ತ್ರಿ ಮಾಡಿದಂತೆ ಮಾಡಿದವರು ಅವರು.

ಕೆಲಸಕ್ಕೆ ಬಗ್ಗಿದೆ. ಪಾಲಿಶ್ ಕಾಗದದಿಂದ ಬೋಲ್ಟು, ತಾಮ್ರದ ಉಂಗುರ, ಗಾಡಿಯ ಮೈ ಎಲ್ಲ ತಿಕ್ಕಿದೆ. ಲೋಹ ಬೆಳ್ಳಗೆ ಹೊಳೆಯುವವರೆಗೂ ತಿಕ್ಕಿದೆ. ಬಿಗಿ ಮಾಡಿ ಮೇಲೆ ಗ್ರೀಸ್ ಸವರಿದೆ. ಬಲ್ಬು ಹಚ್ಚಿದರೆ ಕಣ್ಣು ಕೋರೈಸುವಂತೆ ಉರಿಯಿತು. ಪೆಟ್ಟಿಗೆ ಜೋಡಿಸಿ ಮಗನಿಗೆ ಚಾವಿ ತಿರುಗಿಸಲು ಹೇಳಿದೆ. ಡ್ಯಾಶ್‌ಬೋರ್ಡಿನಲ್ಲಿ ಆ ಹಳದಿ ದೀಪ ಟಕ್ಕನೆ ಹತ್ತಿತು. ಒಂದು ದೀಪ ಹತ್ತಿದ್ದಕ್ಕೆ ನನ್ನ ಕಣ್ಣಲ್ಲಿ ನೀರು ಬಂತು, ಅದನ್ನು ಮೆಣಸಿನ ಘಾಟಿನ ಮೇಲೆ ಹಾಕುವುದಿಲ್ಲ. ಸ್ಕ್ಯಾನರಿನ ಗೆರೆ ಓಡಿತು, ಪರದೆಯ ತುಂಬ ಸಾಲುಸಾಲು ಅಕ್ಷರ ಬಂದವು. ತಿಂಗಳುಗಟ್ಟಲೆ ಹೇಳಲಾಗದ್ದನ್ನೆಲ್ಲ ಪೆಟ್ಟಿಗೆ ಒಮ್ಮೆಗೇ ಹೇಳತೊಡಗಿತ್ತು. ಮಗ ಸೆಲ್ಫ್ ಹೊಡೆದ. ಎರಡನೇ ಸುತ್ತಿಗೆ ಎಂಜಿನ್ ಎದ್ದಿತು. ಹಮಾಲರು ಸಿಳ್ಳೆ ಹಾಕಿದರು.

ಐದಕ್ಕೆ ಇನ್ನೂ ಹತ್ತು ನಿಮಿಷವಿರುವಾಗ ಕೊಳ್ಳುವವನು ಟ್ರ್ಯಾಕ್ಟರಿನಲ್ಲಿ ಬಂದ, ಎಳೆದೊಯ್ಯಲು ದಪ್ಪ ಹಗ್ಗವನ್ನೂ ತಂದಿದ್ದ. ಚಾಲೂ ಆಗಿದ್ದ ಗಾಡಿ ಕಂಡು ಅವನ ಕಣ್ಣು ಅರಳಿತು. ಮಗ ಬಾಗಿಲು ಹಿಡಿದು ನಿಂತು ತಾಯಿಯ ಮುಖ ನೋಡಿದ. ಅವಳು ನನ್ನ ಹತ್ತಿರ ಬಂದು, ಯಾರಿಗೂ ಕೇಳಿಸದಂತೆ ಕೇಳಿದಳು.

"ಖರೇ ಹೇಳು ತಮ್ಮಾ. ನನ್ನ ಪೂಜೀನ ಇದನ್ನ ಕೆಡಸ್ತು, ಹೌದಿಲ್ಲೋ? ನನ್ನ ಕೈಗುಣ ಆಗಿ ಬರಂಗಿಲ್ಲ ಅಂದ್ರ ಇಟಗೊಂಡೇನ ಮಾಡ್ಲಿ?"

ಆಗ ನನಗೆ ತಿಳಿಯಿತು. ಇಷ್ಟು ತಿಂಗಳು ಅವಳು ಅಂಜಿದ್ದು ಗಾಡಿಗಲ್ಲ, ತನ್ನ ಕೈಗೆ. ಹೌದು ಎಂದುಬಿಟ್ಟರೆ ನನ್ನ ಮಾನ ಉಳಿಯುತ್ತಿತ್ತು, ಅವಳ ಮಗನ ಗಾಡಿ ಹೋಗುತ್ತಿತ್ತು. ಹಮಾಲರು, ಕೊಳ್ಳುವವನು, ಟ್ರ್ಯಾಕ್ಟರಿನವನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿಯೇ ಹೇಳಿದೆ.

"ನಿಮ್ಮ ಕೈದ ಏನೂ ಇಲ್ರಿ ಅವ್ವಾರ. ತಪ್ಪ ನಂದು. ಮೊದಲನೇ ನೀರು ಹಾಕಿದಾಂವ ನಾನ. ತಿಳದಾಂವ ನಾನ ತಪ್ಪ ಮಾಡಿದೆ, ನೀವು ನನ್ನ ನಂಬಿದ್ರಿ. ಬುದ್ಧಿ ಬ್ಯಾಡೇನು ಅಂತ ಬೈದೆನಲ್ರೀ, ಅದು ನನಗ ಸೇರಬೇಕಾದ್ದು."

ಯಾರೋ ಕಿಸಕ್ಕೆಂದರು. ಅವಳು ಸೆರಗನ್ನು ಬಿಗಿಯಾಗಿ ಹೊದ್ದು ಕೊಳ್ಳುವವನ ಕಡೆ ತಿರುಗಿದಳು.

"ಗಾಡಿ ಕೊಡಂಗಿಲ್ರಿ. ಗಾಡೀದೇನೂ ತಪ್ಪಿಲ್ಲಂತ. ಮಿಸ್ತ್ರೀದಂತ."

ಅವನು ಹಗ್ಗ ಸುತ್ತಿಕೊಂಡು ಗೊಣಗುತ್ತಾ ಹೋದ. ಅಷ್ಟು ಜನರ ಮುಂದೆ ಹಾಗೆ ಅನ್ನಿಸಿಕೊಂಡೂ ನನಗೆ ಎದೆ ತುಂಬಿ ಬಂದದ್ದು ಅದೊಂದೇ ಸಲ. ಮಗ ಸ್ಟೇರಿಂಗ್ ಮೇಲೆ ಹಣೆ ಇಟ್ಟು ಕೂತಿದ್ದ.

ಅವಳು ಮಡಿಲಿನ ಕೈಚೀಲ ಬಿಚ್ಚಿ ಒಂದು ತೆಂಗಿನಕಾಯಿ ತೆಗೆದಳು. ಗಾಡಿಯನ್ನು ಕಳಿಸಿಕೊಡುವಾಗ ಒಡೆಯಲೆಂದು ಮುಂಜಾನೆಯೇ ಅಂಗಡಿಯಿಂದ ತರಿಸಿ ಇಟ್ಟುಕೊಂಡಿದ್ದಳಂತೆ. ಅದನ್ನು ನನ್ನ ಕೈಗಿಟ್ಟು, "ಒಡಿ. ಎಲ್ಲಿ ಒಡೀತಿ ನೋಡತೇನಿ," ಅಂದಳು.

ನಾನು ಮೊದಲು ಬಾನೆಟ್ ಮುಚ್ಚಿದೆ. ಮುಚ್ಚಿತೋ ಇಲ್ಲವೋ ಎಂದು ಎರಡು ಸಲ ಒತ್ತಿ ನೋಡಿದೆ. ಆಮೇಲೆ ಗಾಡಿಯಿಂದ ಹತ್ತು ಹೆಜ್ಜೆ ದೂರ ಹೋಗಿ, ಗೋಡೆಯ ಬುಡದ ಕಲ್ಲಿಗೆ ಕಾಯಿ ಒಡೆದೆ. ಹೋಳಿನಲ್ಲಿ ಉಳಿದ ನೀರನ್ನು ಅಲ್ಲೇ ನಿಂತು, ಒಂದು ಹನಿಯೂ ಚೆಲ್ಲದಂತೆ, ನಾನೇ ಕುಡಿದೆ.